ಬೆಂಚಿನಲ್ಲಿ ಕೂತವರೂ ಹಾಡಬೇಕು: ಚರ್ಚಿಗೊಂದು ಹೊಸಕಾಲದ ಸಂಗೀತ ತಂಡ ಕಟ್ಟುವ ಸಮಗ್ರ ಮಾರ್ಗದರ್ಶಿ

ಬರುವ ಆದಿತ್ಯವಾರ ಒಂದು ಕೆಲಸ ಮಾಡಿ. ಪೂಜೆ ಶುರುವಾಗುವ ಮುಂಚೆ ನಿಮ್ಮ ಚರ್ಚಿನ ಕೊನೆಯ ಬೆಂಚಿನ ತುದಿಯಲ್ಲಿ ಫೋನ್ ಇಟ್ಟು ರೆಕಾರ್ಡಿಂಗ್ ಆನ್ ಮಾಡಿ. ಸಂಜೆ ಮನೆಯಲ್ಲಿ ಕೂತು ಕೇಳಿ.

ಮಂಗಳೂರಿನ ನಮ್ಮ ಕಥೋಲಿಕ ಚರ್ಚಿನಲ್ಲಿ ತಂಡ ಕಟ್ಟಿ ಒಂದು ವರ್ಷವಾದ ಮೇಲೆ ನಾವು ಹೀಗೆ ಮಾಡಿದೆವು. ಆಗ ನಮ್ಮಲ್ಲಿ ಕೀಬೋರ್ಡ್, ಎರಡು ಗಿಟಾರ್, ಡ್ರಮ್ಸ್, ಎಂಟು ಮೈಕ್ ಇದ್ದವು. ನಾವು ನಿಂತ ಜಾಗದಿಂದ ಎಲ್ಲವೂ ಚೆನ್ನಾಗಿ ಕೇಳುತ್ತಿತ್ತು. ಕೊನೆಯ ಬೆಂಚಿನಲ್ಲಿ ಕೇಳಿದ್ದೇ ಬೇರೆ. ಡ್ರಮ್ಸ್ ಕೇಳುತ್ತಿತ್ತು, ಫ್ಯಾನ್ ಕೇಳುತ್ತಿತ್ತು, ಸ್ಪೀಕರಿನಿಂದ ನಮ್ಮ ದನಿ ಕೇಳುತ್ತಿತ್ತು. ಜನ ಹಾಡುವುದು ಮಾತ್ರ ಎಲ್ಲೂ ಇರಲಿಲ್ಲ. ಚರ್ಚ್ ತುಂಬಾ ಜನ ಇದ್ದರು, ಆದರೂ ಇರಲಿಲ್ಲ.

ಆ ರೆಕಾರ್ಡಿಂಗ್ ಕೇಳಿದ ಮೇಲೆ ನಾವು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮಂಗಳೂರು ಅಥವಾ ಉಡುಪಿ ಕಡೆಯ ಚರ್ಚಿನಲ್ಲಿ ಹೊಸದಾಗಿ ತಂಡ ಕಟ್ಟುವವರಿಗೆ, ಇರುವ ತಂಡವನ್ನು ಸರಿ ಮಾಡುವವರಿಗೆ ಇದು ಉಪಯೋಗವಾಗಬೇಕು ಎಂಬುದು ನನ್ನ ಆಸೆ.

ಮೊದಲ ಹೆಜ್ಜೆ: ಕೇಳಿ ಶುರು ಮಾಡಿ

ವಾದ್ಯ ತರುವ ಮುಂಚೆ ಫಾದರ್ ಹತ್ತಿರ ಹೋಗಿ. ಯಾವ ಪೂಜೆಗೆ ತಂಡ ಬೇಕು, ಯಾವ ಭಾಷೆಯ ಪೂಜೆಗೆ, ತಿಂಗಳಿಗೆ ಎಷ್ಟು ಸಲ, ಎಲ್ಲಿ ನಿಲ್ಲಬೇಕು ಎಂದು ಕೇಳಿ. ಚರ್ಚಿನ ಆಡಳಿತ ನೋಡುವ ಪಾಲನಾ ಪರಿಷತ್ತಿಗೂ ವಿಷಯ ಗೊತ್ತಿರಲಿ. ತಿಂಗಳಿಗೆ ಒಂದು ಪೂಜೆ ಸಿಕ್ಕಿದರೂ ಶುರು ಮಾಡಲು ಸಾಕು.

ಹಳೆಯ ಗಾಯನ ಮಂಡಳಿ ಇದ್ದರೆ ಅವರ ಮನೆಗೂ ಹೋಗಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಮೂವತ್ತು ವರ್ಷ ಹಾಡಿದವರಿಗೆ ಒಂದು ದಿನ ನೋಟಿಸ್ ಬೋರ್ಡ್ ನೋಡಿ ಹೊಸ ತಂಡದ ಸುದ್ದಿ ತಿಳಿದರೆ ನೋವಾಗುತ್ತದೆ. ಅಲ್ಲದೆ ಯಾವ ಹಾಡು ಊರಿನವರ ಬಾಯಲ್ಲಿ ಉಂಟು, ಯಾವುದು ಹಾಡುಪುಸ್ತಕದಲ್ಲಿ ಮಾತ್ರ ಇದೆ ಎಂದು ಅವರಿಗೆ ಗೊತ್ತು. ನಮಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಅವರೇ.

ಎರಡನೇ ಹೆಜ್ಜೆ: ಪೂಜೆಯನ್ನು ಕಲಿಯಿರಿ

ಹಾಡು ಕಲಿಯುವ ಮುಂಚೆ ಇದು. ನಾನು ಅತಿ ಹೆಚ್ಚು ಒತ್ತಿ ಹೇಳುವುದೂ ಇದನ್ನೇ.

ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ಬಗ್ಗೆ ತನ್ನ ದಾಖಲೆ ಹೊರಡಿಸಿತು. ಅದರ ಆರನೇ ಅಧ್ಯಾಯ ಪೂರ್ತಿ ಸಂಗೀತಕ್ಕೆ ಮೀಸಲು. ಮೂರು ವರ್ಷ ದಾಟಿದ ಮೇಲೆ, 1967ರ ಮಾರ್ಚ್‌ನಲ್ಲಿ, 'ಮೂಸಿಕಾಮ್ ಸಾಕ್ರಾಮ್' ಎಂಬ ಸೂಚನಾಪತ್ರ ಬಂತು. ಎರಡೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಉದ್ದವೂ ಇಲ್ಲ. ತಂಡದ ಎಲ್ಲರೂ ಒಂದು ಸಂಜೆ ಕೂತು ಓದಿ.

ನಮ್ಮ ಅಭ್ಯಾಸ ಹೇಗಿರುತ್ತದೆ ಎಂದರೆ, ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ, ಕೊನೆಯ ಗೀತೆ ಆರಿಸಿದರೆ ಕೆಲಸ ಮುಗಿಯಿತು. 1967ರ ಪತ್ರ ಹೇಳುವ ಕ್ರಮ ಬೇರೆ. ಗುರುಗಳು ಮತ್ತು ಜನರ ನಡುವಿನ ಸಂಭಾಷಣೆ, ಸಾಂಕ್ತುಸ್ ('ಪವಿತ್ರ, ಪವಿತ್ರ' ಎಂಬ ಸ್ತುತಿ), 'ಪರಲೋಕದಲ್ಲಿರುವ ನಮ್ಮ ತಂದೆಯೇ' ಮೊದಲ ಸಾಲಿಗೆ ಬರುತ್ತವೆ. ಕಿರಿಯೆ (ದಯೆ ಬೇಡುವ ಪ್ರಾರ್ಥನೆ), ಗ್ಲೋರಿಯಾ (ದೇವರ ಮಹಿಮೆಯ ಗೀತೆ), 'ದೇವರ ಕುರಿಮರಿಯೇ' ಆಮೇಲೆ. ಪ್ರವೇಶ ಗೀತೆ, ಪರಮಪ್ರಸಾದ ಗೀತೆಗಳೆಲ್ಲ ಮೂರನೆಯ ಸಾಲಿಗೆ. ಪೂಜೆಯ ನಡುವೆ ಹಾಡುವುದಕ್ಕಿಂತ ಪೂಜೆಯನ್ನೇ ಹಾಡುವುದು ದೊಡ್ಡದು ಎಂಬುದು ಇದರ ಹಿಂದಿನ ಯೋಚನೆ. ಹಾಗಾಗಿ ಹೊಸ ತಂಡ ಮೊದಲ ಮೂರು ತಿಂಗಳು ಒಂದೇ ಸಾಂಕ್ತುಸ್, ಒಂದೇ ಅಲ್ಲೆಲೂಯ, ಒಂದೇ 'ಆಮೆನ್' ರಾಗ ಇಟ್ಟುಕೊಳ್ಳಲಿ. ಜನರಿಗೆ ಅದು ಬಾಯಿಪಾಠ ಆಗಲಿ. ಫಾದರ್ ಸಂಭಾಷಣೆಯನ್ನು ಹಾಡಲು ಒಪ್ಪಿದರೆ ಅವರಿಗೆ ಶ್ರುತಿ ಕೊಡಲು ಒಬ್ಬರು ತಯಾರಿರಲಿ.

ಕೆಲವು ನಿಯಮಗಳು ಬೆರಳ ತುದಿಯಲ್ಲಿರಬೇಕು. ಬೈಬಲಿನ ಮೊದಲ ವಾಚನದ ನಂತರದ ಕೀರ್ತನೆ ದೇವರ ವಾಕ್ಯದ ಭಾಗ. ಅದರ ಜಾಗದಲ್ಲಿ ಬೇರೆ ಭಕ್ತಿಗೀತೆ ಹಾಡುವ ಹಾಗಿಲ್ಲ. ಸಾಂಕ್ತುಸ್ ಗುರುಗಳೂ ಜನರೂ ಸೇರಿ ಹಾಡುವಂಥದ್ದು, ತಂಡದ ಸೋಲೋ ಆಗಬಾರದು. ಪರಮಪ್ರಸಾದ ಗೀತೆ ಗುರುಗಳು ಪ್ರಸಾದ ಸ್ವೀಕರಿಸುವಾಗಲೇ ಶುರುವಾಗಬೇಕು. ನಾವು ಸಾಮಾನ್ಯವಾಗಿ ಜನ ಸಾಲು ನಿಲ್ಲುವ ತನಕ ಕಾಯುತ್ತೇವೆ, ಅಲ್ವಾ? ಕಾಣಿಕೆ ಗೀತೆ ಕಾಣಿಕೆಯ ಕೆಲಸ ಮುಗಿಯುವಾಗ ಮುಗಿಯಲಿ. ಇನ್ನೂ ಎರಡು ಚರಣ ಉಳಿದಿದೆ ಎಂದು ಗುರುಗಳನ್ನು ನಿಲ್ಲಿಸಬೇಡಿ.

ಗುರುಗಳು ಬಲಿಪೂಜೆಯ ಮುಖ್ಯ ಪ್ರಾರ್ಥನೆ ಹೇಳುವಾಗ ವಾದ್ಯ ಪೂರ್ತಿ ಸುಮ್ಮನಿರಬೇಕು. ಹಿನ್ನೆಲೆಯಲ್ಲಿ ಮೆಲ್ಲನೆ ಪ್ಯಾಡ್ ಸೌಂಡ್ (ಎಳೆದು ನಿಲ್ಲುವ ಮೆದು ನಾದ) ಹಿಡಿದರೆ ಭಕ್ತಿ ಬರುತ್ತದೆ ಎಂದು ಈಗ ತುಂಬಾ ಕೀಬೋರ್ಡ್ ವಾದಕರು ನಂಬಿದ್ದಾರೆ. ನಾನೂ ನಂಬಿದ್ದೆ. ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಆ ಮೌನದಲ್ಲಿ ಗಂಟೆಯ ದನಿ ಎಷ್ಟು ಸ್ಪಷ್ಟ ಕೇಳುತ್ತದೆ ಎಂದು ಕೈ ತೆಗೆದ ಮೇಲೆಯೇ ನನಗೆ ಗೊತ್ತಾಯಿತು.

ಇನ್ನು ಡ್ರಮ್ಸ್ ಇರಬಹುದೇ, ಎಲೆಕ್ಟ್ರಿಕ್ ಗಿಟಾರ್ ಇರಬಹುದೇ ಎಂಬ ಜಗಳ. ಮಹಾಸಭೆ ಪೈಪ್ ಆರ್ಗನ್ನಿಗೆ ದೊಡ್ಡ ಗೌರವ ಕೊಟ್ಟಿದೆ. ಬೇರೆ ವಾದ್ಯಗಳಿಗೂ ಬಾಗಿಲು ತೆರೆದಿದೆ. ಆದರೆ ಅವು ಪವಿತ್ರ ಬಳಕೆಗೆ ಒಗ್ಗಬೇಕು, ದೇವಾಲಯದ ಘನತೆಗೆ ಹೊಂದಬೇಕು, ಜನರ ಭಕ್ತಿಗೆ ನಿಜವಾಗಿ ನೆರವಾಗಬೇಕು. ಈ ಮೂರು ಪ್ರಶ್ನೆ ಕೇಳಿಕೊಂಡು ನಾವು ಡ್ರಮ್ ಸೆಟ್ ಬಿಟ್ಟು ಕಹೋನ್ (ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ) ತಂದೆವು. ನಿಮ್ಮ ಚರ್ಚ್ ದೊಡ್ಡದಿದ್ದು ನುಡಿಸುವವರ ಕೈ ಹದದಲ್ಲಿದ್ದರೆ ನಿಮ್ಮ ಉತ್ತರ ಬೇರೆ ಬರಬಹುದು. ಕೊನೆಯ ಮಾತು ನಿಮ್ಮ ಫಾದರ್ ಮತ್ತು ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಆರಾಧನಾ ಆಯೋಗದ್ದು. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾಗಿದೆ. ಹಾಗಾಗಿ ಕಲ್ಯಾಣಪುರ, ಶಿರ್ವ, ಕಾರ್ಕಳ ಕಡೆಯವರು ಕೇಳಬೇಕಾದದ್ದು ಅಲ್ಲಿ, ಮಂಗಳೂರಿನಲ್ಲಿ ಅಲ್ಲ.

ಮೂರನೇ ಹೆಜ್ಜೆ: ಜನ ಸೇರಿಸುವುದು

ಎಂಟು ಹಾಡುಗಾರರು, ಒಂದು ಕೀಬೋರ್ಡ್, ಒಂದು ಗಿಟಾರ್, ಒಂದು ಕಹೋನ್, ಸೌಂಡಿಗೆ ಒಬ್ಬರು. ಹನ್ನೆರಡು ಜನ ಧಾರಾಳ ಸಾಕು. ಸೌಂಡಿನವರನ್ನು ತಂಡದ ಪೂರ್ತಿ ಸದಸ್ಯರಾಗಿ ಲೆಕ್ಕ ಹಾಕಿ, ಪ್ರಾಕ್ಟೀಸಿಗೂ ಕರೆಯಿರಿ.

ನಮ್ಮ ಕರಾವಳಿಯ ದೊಡ್ಡ ಕಷ್ಟ ಒಂದಿದೆ. ಹುಡುಗರು ಕಲಿತು ಕೈ ಕುದುರುವ ಹೊತ್ತಿಗೆ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ನಮ್ಮ ತಂಡದಲ್ಲಿ ಒಂದೇ ವರ್ಷ ಮೂವರು ಹೋದರು. ಅದಕ್ಕೇ ಪ್ರತಿ ವಾದ್ಯಕ್ಕೂ ಒಬ್ಬ ಕಿರಿಯರನ್ನು ಜೋಡಿಸಿ ಇಡಿ. ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳು ಧರ್ಮೋಪದೇಶ ತರಗತಿಗೆ ಹೇಗೂ ಬರುತ್ತಾರೆ. ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಅವರ ಜೊತೆ ಕೂತರೆ ಎರಡು ವರ್ಷದಲ್ಲಿ ಒಂದು ತಂಡವೇ ತಯಾರಾಗುತ್ತದೆ. ತಿಂಗಳಿಗೊಮ್ಮೆ ನಿಜವಾದ ಪೂಜೆಯಲ್ಲಿ ಅವರಿಗೆ ಜಾಗ ಕೊಡಿ. ತಪ್ಪುತ್ತಾರೆ, ತಪ್ಪಲಿ.

ನಾಲ್ಕನೇ ಹೆಜ್ಜೆ: ಹಾಡು, ಭಾಷೆ, ಶ್ರುತಿ

ಹಾಡು ಆರಿಸುವುದು ಆ ವಾರದ ವಾಚನದಿಂದ ಶುರುವಾಗಲಿ. ಸೋಮವಾರ ಒಬ್ಬರು ಮೂರೂ ವಾಚನ, ಕೀರ್ತನೆ ಓದಿ, ಮುಖ್ಯ ವಿಷಯವನ್ನು ಎರಡು ಸಾಲಲ್ಲಿ ವಾಟ್ಸಾಪ್ ಗುಂಪಿಗೆ ಹಾಕಲಿ. ಆಮೇಲೆ ಈ ಕ್ರಮದಲ್ಲಿ ಆರಿಸಿ: ಕೀರ್ತನೆ, ಅಲ್ಲೆಲೂಯ, ಸಾಂಕ್ತುಸ್, ಪರಮಪ್ರಸಾದ ಗೀತೆ, ಪ್ರವೇಶ ಗೀತೆ. ಉಳಿದದ್ದು ಕೊನೆಗೆ.

ನಮ್ಮಲ್ಲಿ ಹೆಚ್ಚಿನ ಪೂಜೆ ಕೊಂಕಣಿಯಲ್ಲಿ. ಕೊಂಕಣಿಯನ್ನು ನಾವು ಕನ್ನಡ ಅಕ್ಷರದಲ್ಲೇ ಬರೆಯುವುದರಿಂದ, ಹಾಡಿನ ಹಾಳೆ ಒಂದಿದ್ದರೆ ಕನ್ನಡ ಓದುವ ಯಾರೂ ಜೊತೆಗೂಡಬಹುದು. ಕನ್ನಡ ಪೂಜೆಗೆ ಘಟ್ಟದ ಮೇಲಿನಿಂದ ಕೆಲಸಕ್ಕೆ, ಓದಿಗೆ ಬಂದವರು ಬರುತ್ತಾರೆ. ಅವರ ಊರಿನ ಹಾಡುಗಳನ್ನು ಕೇಳಿ ತಿಳಿದುಕೊಳ್ಳಿ. ತಮ್ಮ ಊರಿನ ಒಂದು ಹಾಡು ಕೇಳಿದರೆ ಆ ಮುಖಗಳು ಅರಳುವುದನ್ನು ನೀವೇ ನೋಡುತ್ತೀರಿ.

ಇಂಗ್ಲಿಷ್ ಹಾಡಿನ ರಾಗಕ್ಕೆ ಕನ್ನಡ ಪದ ಕೂರಿಸುವುದು ಈಗ ಜಾಸ್ತಿಯಾಗಿದೆ. ಇದರಲ್ಲಿ ತುಂಬಾ ಎಚ್ಚರ ಬೇಕು. ಕನ್ನಡದಲ್ಲಿ ಹ್ರಸ್ವ, ದೀರ್ಘ ತಪ್ಪಿದರೆ ಅರ್ಥವೇ ತಪ್ಪುತ್ತದೆ. 'ದೇವ' ಎಂಬ ಪದದ 'ದೇ'ಯನ್ನು ಚಿಕ್ಕ ಸ್ವರಕ್ಕೆ ತುರುಕಿ, 'ವ'ದ ಮೇಲೆ ತಾಳದ ಪೆಟ್ಟು ಬಿದ್ದರೆ ಕೇಳುವವರ ಕಿವಿಗೆ 'ದೆವ್ವ' ಎಂದು ಬೀಳುತ್ತದೆ. ಬಲಿಪೀಠದ ಮುಂದೆ ಹೀಗಾಗಬಾರದು. ಪದ ಬರೆದ ಮೇಲೆ ರಾಗ ಬಿಟ್ಟು, ತಾಳ ಮಾತ್ರ ತಟ್ಟುತ್ತಾ ಜೋರಾಗಿ ಓದಿ. ಮಾತಾಡುವಾಗ ಎಳೆಯುವ ಅಕ್ಷರವನ್ನು ಹಾಡುವಾಗಲೂ ಎಳೆಯಲು ಜಾಗ ಇರಬೇಕು. ಹೊಂದದಿದ್ದರೆ ರಾಗವನ್ನೇ ಬದಲಿಸಿ, ಪದವನ್ನು ಮುರಿಯಬೇಡಿ. ಹೊಸದಾಗಿ ಬರೆದ ಸಾಹಿತ್ಯವನ್ನು ಪೂಜೆಯಲ್ಲಿ ಹಾಡುವ ಮುಂಚೆ ಫಾದರಿಗೆ ತೋರಿಸಿ, ಆಯೋಗದ ಒಪ್ಪಿಗೆ ಪಡೆಯಿರಿ.

ಈಗ ಶ್ರುತಿ. ನಮ್ಮ ರೆಕಾರ್ಡಿಂಗ್‌ನಲ್ಲಿ ಜನ ಹಾಡದೆ ಇದ್ದುದಕ್ಕೆ ಅರ್ಧ ಕಾರಣ ಇದೇ ಆಗಿತ್ತು. ಯೂಟ್ಯೂಬಿನಲ್ಲಿ ಹಾಡಿದವರು ಪಳಗಿದ ಗಾಯಕರು. ಅವರ ಸ್ಕೇಲನ್ನೇ ನಾವು ಎತ್ತಿಕೊಂಡಿದ್ದೆವು. ಸಾಮಾನ್ಯ ಜನರಿಗೆ ಮಧ್ಯದ ಸಿ ಸ್ವರಕ್ಕಿಂತ ಸ್ವಲ್ಪ ಕೆಳಗಿನ ಎ ಸ್ವರದಿಂದ ಮೇಲಿನ ಡಿ ತನಕ ಸಲೀಸು. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಹಾಗಾಗಿ ಪ್ರತಿ ಹಾಡಿನ ಅತಿ ಎತ್ತರದ ಸ್ವರ ಹುಡುಕಿ. ಅದು ಮೇಲಿನ ಎಫ್ ಆಗಿದ್ದರೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮೂರು ಸೆಮಿಟೋನ್ ಇಳಿಸಿ, ಆಗ ಡಿ ಆಗುತ್ತದೆ. ಬೆಳಗ್ಗೆ ಆರೂವರೆಯ ಪೂಜೆಗೆ ಇನ್ನೂ ಒಂದು ಇಳಿಸಿ. ಎದ್ದು ಒಂದು ಗಂಟೆಯೂ ಆಗದ ಗಂಟಲು ಅದು. ಇಳಿಸಿದ ಸ್ಕೇಲನ್ನು ಹಾಡಿನ ಹಾಳೆಯ ಮೇಲೆಯೇ ಬರೆದಿಡಿ.

ಹೊಸ ಹಾಡು ತಿಂಗಳಿಗೆ ಒಂದೇ. ನಾವು ಮೊದಲು ಒಂದೇ ಆದಿತ್ಯವಾರ ಮೂರು ಹೊಸ ಹಾಡು ಹಾಡುತ್ತಿದ್ದೆವು. ಜನರು ಕೇಳುಗರಾದರು. ಈಗ ಹೀಗೆ ಮಾಡುತ್ತೇವೆ. ಮೊದಲ ವಾರ ಪರಮಪ್ರಸಾದದ ನಂತರ ಕೀಬೋರ್ಡಿನಲ್ಲಿ ರಾಗ ಮಾತ್ರ. ಎರಡನೇ ವಾರ ಪೂಜೆಗೆ ಐದು ನಿಮಿಷ ಮುಂಚೆ ಪಲ್ಲವಿ ಕಲಿಸುವುದು, ಚರಣ ತಂಡ ಹಾಡುವುದು. ಆಮೇಲೆ ಎರಡು ವಾರ ಅದೇ ಹಾಡು. ತಂಡದವರಿಗೆ ಬೇಸರ ಬರುವ ಹೊತ್ತಿಗೆ ಜನರಿಗೆ ಸರಿಯಾಗಿ ಬರುತ್ತದೆ. ಆಗ ಬದಲಿಸಬೇಡಿ.

ಐದನೇ ಹೆಜ್ಜೆ: ಪ್ರಾಕ್ಟೀಸ್

ಶುಕ್ರವಾರ ಸಂಜೆ ಒಂದೂಕಾಲು ಗಂಟೆ ಹೊತ್ತು. ಮಂಗಳವಾರವೇ ಒಬ್ಬರು ಫೋನಿನಲ್ಲಿ ಹಾಡಿ ಗುಂಪಿಗೆ ಕಳುಹಿಸಿದರೆ ಎಲ್ಲರೂ ಕೇಳಿಕೊಂಡು ಬರುತ್ತಾರೆ. ಶುಭಸಂದೇಶ ಓದಿ, ಪ್ರಾರ್ಥಿಸಿ ಶುರು ಮಾಡಿ. ಮೊದಲು ವಾದ್ಯವಿಲ್ಲದೆ ಹಾಡಿ. ವಾದ್ಯವಿಲ್ಲದೆ ನಿಲ್ಲದ ಹಾಡು ವಾದ್ಯ ಬಂದರೂ ನಿಲ್ಲುವುದಿಲ್ಲ. ಕಹೋನ್ ಕೊನೆಯ ಇಪ್ಪತ್ತು ನಿಮಿಷಕ್ಕೆ ಸಾಕು. ಹಾಡಿನ ಶುರು ಮತ್ತು ಕೊನೆ ಐದು ಸಲವಾದರೂ ಮಾಡಿ, ಏಕೆಂದರೆ ಜನ ಹಿಂದೆ ಬೀಳುವುದು ಅಲ್ಲೇ. ಮುನ್ನುಡಿಯ ಸಂಗೀತ ಪಲ್ಲವಿಯ ಕೊನೆಯ ಸಾಲೇ ಆಗಿರಲಿ. ಆಗ ಎಲ್ಲಿ ಬಾಯಿ ತೆರೆಯಬೇಕು ಎಂದು ಬೆಂಚಿನಲ್ಲಿರುವವರಿಗೆ ಗೊತ್ತಾಗುತ್ತದೆ.

ಆರನೇ ಹೆಜ್ಜೆ: ಸೌಂಡ್

ಹಂಚಿನ ಮಾಡು, ಮರದ ಮುಚ್ಚಿಗೆ ಇರುವ ಹಳೆಯ ಚರ್ಚುಗಳಲ್ಲಿ ದನಿ ಮೆದುವಾಗಿ ಕೂರುತ್ತದೆ. ಕಾಂಕ್ರೀಟ್ ಚಾವಣಿ, ಗ್ರಾನೈಟ್ ನೆಲ ಇರುವ ಹೊಸ ಚರ್ಚುಗಳಲ್ಲಿ ದನಿ ಸುತ್ತಾಡುತ್ತದೆ. ಅಂಥ ಕಡೆ ಮಿಕ್ಸರಿನ ಎಕೋ ಪೂರ್ತಿ ತೆಗೆಯಿರಿ, ಕಟ್ಟಡವೇ ಬೇಕಾದಷ್ಟು ಕೊಡುತ್ತದೆ. ತಾಳವನ್ನೂ ಸ್ವಲ್ಪ ನಿಧಾನ ಮಾಡಿ. ಖಾಲಿ ಚರ್ಚಿನಲ್ಲಿ ಮಾಡಿದ ಸೌಂಡ್ ಚೆಕ್ ನಂಬಬೇಡಿ. ಜನ ತುಂಬಿದಾಗ ಕೇಳುವುದೇ ಬೇರೆ.

ಮೈಕ್ ಕಡಿಮೆ ಮಾಡಿ. ಆನ್ ಇರುವ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗೆಲ್ಲ, ಸ್ಪೀಕರ್ ಸಿಳ್ಳೆ ಹೊಡೆಯುವ ಮುಂಚೆ ಸಿಗುವ ದನಿ ಸುಮಾರು 3 ಡೆಸಿಬಲ್ ಇಳಿಯುತ್ತದೆ. ಎಂಟು ಹಾಡುಗಾರರಿಗೆ ಮೂರು ಮೈಕ್ ಸಾಕು. ಶೂರ್ ಎಸ್‌ಎಂ58 ಥರದ ಕಾರ್ಡಿಯಾಯ್ಡ್ ಮೈಕುಗಳು ಹಿಂಬದಿಯ ದನಿಯನ್ನು ಅತಿ ಕಡಿಮೆ ಹಿಡಿಯುತ್ತವೆ. ಹಾಗಾಗಿ ಮಾನಿಟರ್ ಸ್ಪೀಕರನ್ನು (ತಂಡಕ್ಕೆ ತನ್ನ ದನಿ ಕೇಳಿಸುವ ಸ್ಪೀಕರ್) ಮೈಕಿನ ಬೆನ್ನಿಗೆ ಸರಿಯಾಗಿ ಇಡಿ. ಹಾಡುವ ಮೈಕಿಗೆ ಲೋ ಕಟ್ (ತೀರಾ ಕೆಳಗಿನ ದನಿ ತೆಗೆಯುವ ಬಟನ್) ಒತ್ತಿ.

ತಂಡ ನಿಲ್ಲುವ ಜಾಗದ ಬಗ್ಗೆಯೂ 1967ರ ಪತ್ರ ಹೇಳುತ್ತದೆ: ಹಾಡುವವರು ಸೇರಿದ ಜನರ ಒಂದು ಭಾಗ ಎಂದು ಕಾಣುವ ಹಾಗೆ ನಿಲ್ಲಬೇಕು. ಬಲಿಪೀಠದ ಪಕ್ಕ ಸ್ಟೇಜಿನ ಹಾಗೆ ನಿಲ್ಲುತ್ತಿದ್ದ ನಾವು, ಮುಂದಿನ ಬೆಂಚುಗಳ ಪಕ್ಕಕ್ಕೆ ಬಂದೆವು. ಪಲ್ಲವಿ ಬಂದಾಗ ಹಾಡುಗಾರರು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇಷ್ಟು ಸಣ್ಣ ಬದಲಾವಣೆಯಿಂದ ನಮಗೆ ಮೊದಲ ಸಲ ಜನರ ದನಿ ಕೇಳಿತು. ಕೊನೆಯ ಬೆಂಚಿನ ಫೋನ್ ಈಗಲೂ ತಿಂಗಳಿಗೊಮ್ಮೆ ಇಡುತ್ತೇವೆ.

ಮಳೆಗಾಲದಲ್ಲಿ ಗಿಟಾರ್ ತಂತಿ ತುಕ್ಕು ಹಿಡಿಯುತ್ತದೆ, ಕೇಬಲ್ ಜಾಕ್ ಹಸಿರಾಗುತ್ತದೆ. ಪ್ರತಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಕೀಬೋರ್ಡನ್ನು ಸುಮ್ನೆ ಮುಚ್ಚಿಡದೆ ವಾರಕ್ಕೊಮ್ಮೆ ಆನ್ ಮಾಡಿ. ಸಿಡಿಲಿನ ದಿನ ಪ್ಲಗ್ ಕಿತ್ತಿಡಿ. ಕರೆಂಟ್ ಹೋದರೆ ಹಾಡು ನಿಲ್ಲಬಾರದು, ಅದನ್ನೂ ಪ್ರಾಕ್ಟೀಸ್ ಮಾಡಿ.

ಏಳನೇ ಹೆಜ್ಜೆ: ವರ್ಷದ ಲೆಕ್ಕ

ಕ್ರಿಸ್ಮಸ್ ಮುಂಚಿನ ಆಗಮನ ಕಾಲದ ಆದಿತ್ಯವಾರಗಳಲ್ಲಿ ಗ್ಲೋರಿಯಾ ಇಲ್ಲ, ವಾದ್ಯ ಹಿತಮಿತ. ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ ಗ್ಲೋರಿಯಾವೂ ಇಲ್ಲ, ಅಲ್ಲೆಲೂಯವೂ ಇಲ್ಲ. ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ. ವಾದ್ಯದ ಈ ನಿಯಮಕ್ಕೆ ನಾಲ್ಕನೇ ಆದಿತ್ಯವಾರ ಮತ್ತು ದೊಡ್ಡ ಹಬ್ಬಗಳಲ್ಲಿ ವಿನಾಯಿತಿ ಉಂಟು. ನಾವು ಆ ನಲವತ್ತು ದಿನ ಒಂದು ಗಿಟಾರಿನಲ್ಲೇ ಹಾಡುತ್ತೇವೆ. ಪವಿತ್ರ ಗುರುವಾರದ ಗ್ಲೋರಿಯಾ ಮುಗಿದರೆ ಪಾಸ್ಖ (ಈಸ್ಟರ್) ಜಾಗರಣೆಯ ಗ್ಲೋರಿಯಾ ತನಕ ಗಂಟೆ ಮೌನ, ವಾದ್ಯವೂ ಹಾಡಿನ ಆಸರೆಗೆ ಬೇಕಾದಷ್ಟೇ. ಶನಿವಾರ ರಾತ್ರಿ ಎಲ್ಲ ಗಂಟೆ, ಎಲ್ಲ ವಾದ್ಯ ಒಟ್ಟಿಗೆ ಏಳುವಾಗ ಆಗುವ ಸಂತೋಷ, ಅಲ್ಲಿಯ ತನಕ ಸುಮ್ಮನಿದ್ದವರಿಗೆ ಮಾತ್ರ ಗೊತ್ತು.

ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನವರ ಜನನದ ಹಬ್ಬ) ಬೇರೆ ತಯಾರಿ ಬೇಕು. ಆಗಸ್ಟ್ 30ರಿಂದ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ), ಸೆಪ್ಟೆಂಬರ್ 8ಕ್ಕೆ ಹಬ್ಬ. ಮಳೆಯ ನಡುವೆ ಸಾಲು ಹತ್ತು ದಿನ. ತಂಡವನ್ನು ಎರಡು ಪಾಳಿ ಮಾಡಿ, ಇಲ್ಲದಿದ್ದರೆ ಹಬ್ಬದ ದಿನ ಯಾರ ಗಂಟಲೂ ಇರುವುದಿಲ್ಲ. ಮಕ್ಕಳು ಹೂ ಹಾಕುವಾಗಿನ ಹಾಡು ಎಲ್ಲರ ಬಾಲ್ಯದ ಹಾಡು. ಅದರ ರಾಗಕ್ಕೆ, ತಾಳಕ್ಕೆ ಹೊಸತನ ಸೇರಿಸಲು ಹೋಗಬೇಡಿ.

ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾ ಹಬ್ಬ. ಅಂದು ಹಳೆಯ ಗಾಯನ ಮಂಡಳಿಯವರನ್ನೂ ಕರೆದು ಒಟ್ಟಿಗೆ ಹಾಡಿ. ಡಿಸೆಂಬರಿನಲ್ಲಿ ಕರೋಲ್ ತಂಡ ವಾಳೆಯಿಂದ ವಾಳೆಗೆ (ಚರ್ಚಿನ ವಾರ್ಡು) ಹೋಗುವಾಗ, ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಬಳಸುವ ಹಾಗಿಲ್ಲ ಎಂಬ ನಿಯಮ ನೆನಪಿರಲಿ.

ಲೈವ್ ಮಾಡುವವರಿಗೆ ಒಂದು ಮಾತು. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ನಿಜವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಅದೇ ಹಾಡನ್ನು ರೆಕಾರ್ಡ್ ಮಾಡಿ ತಂಡದ ಹೆಸರಲ್ಲಿ ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ. ಬರೆದವರು, ರಾಗ ಹಾಕಿದವರು ನಮ್ಮ ಊರಿನವರೇ ಆಗಿರುತ್ತಾರೆ. ಒಂದು ಫೋನ್ ಮಾಡಿ ಒಪ್ಪಿಗೆ ಕೇಳಿ, ಹೆಸರು ಹಾಕಿ.

ಎಂಟನೇ ಹೆಜ್ಜೆ: ಮದುವೆ ಮತ್ತು ಸಾವು

ಮದುವೆಗೆ ಸಿನಿಮಾ ಹಾಡು ಕೇಳುತ್ತಾರೆ. ಸಿಟ್ಟು ಮಾಡಬೇಡಿ. ಒಂದು ತಿಂಗಳು ಮೊದಲೇ ಜೋಡಿಯ ಜೊತೆ ಕೂತು, ಪೂಜೆಗೆ ಹೊಂದುವ ಹತ್ತು ಹಾಡು ಹಾಡಿ ತೋರಿಸಿ, ಅವರೇ ಆರಿಸಲಿ. ಸಿನಿಮಾ ಹಾಡನ್ನು ಹಾಲ್‌ನಲ್ಲಿ ಹಾಡಿಕೊಡುತ್ತೇವೆ ಎನ್ನಿ, ಮತ್ತು ಹಾಡಿಕೊಡಿ. ಕೊಟ್ಟ ಹಣಕ್ಕೆ ಲೆಕ್ಕದ ಪುಸ್ತಕ ಇರಲಿ.

ಸಾವಿಗೆ ಹಣ ತೆಗೆದುಕೊಳ್ಳಬೇಡಿ. ಇದು ನನ್ನ ಅಭಿಪ್ರಾಯ, ಆದರೆ ಇದರಲ್ಲಿ ನಾನು ಗಟ್ಟಿ. ಹೊಸಕಾಲದ ತಂಡಗಳು ಹಬ್ಬಕ್ಕೆ ಬರುತ್ತವೆ, ಬುಧವಾರ ಮಧ್ಯಾಹ್ನ ನಾಲ್ಕು ಗಂಟೆಯ ಅಂತ್ಯಕ್ರಿಯೆಗೆ ಬರುವುದಿಲ್ಲ ಎಂಬ ದೂರು ಎಲ್ಲ ಕಡೆ ಕೇಳುತ್ತೇನೆ. ಅದಕ್ಕೆ ಪರಿಹಾರ ಇದೆ. ಕೆಲಸದ ದಿನ ಬರಬಲ್ಲವರ ಪಟ್ಟಿ ಮಾಡಿ: ಕಾಲೇಜಿನವರು, ನಿವೃತ್ತರು, ಮನೆಯಲ್ಲಿರುವವರು, ಹಳೆಯ ಮಂಡಳಿಯವರು. ನಾಲ್ಕು ಜನ ಸಿಕ್ಕಿದರೆ ಸಾಕು. ಒಂದು ಫೈಲ್ ಯಾವಾಗಲೂ ತಯಾರಿರಲಿ. ಅದರಲ್ಲಿ ಎಲ್ಲರಿಗೂ ಗೊತ್ತಿರುವ ಆರು ಹಾಡು, ದೊಡ್ಡ ಅಕ್ಷರದಲ್ಲಿ, ಕೆಳಗಿನ ಶ್ರುತಿಯಲ್ಲಿ. ಒಂದು ಗಿಟಾರ್, ಮೈಕ್ ಬೇಡ. ಮನೆಯವರು ಸತ್ತವರಿಗೆ ಇಷ್ಟವಾದ ಭಕ್ತಿಗೀತೆ ಯಾವುದಾದರೂ ಹೇಳಿದರೆ ಅದನ್ನು ಪರಮಪ್ರಸಾದದ ಹೊತ್ತಿಗೆ ಹಾಡಿ. ಚರ್ಚಿನಿಂದ ಸ್ಮಶಾನಕ್ಕೆ ಹೋಗುವಾಗ ಮೆರವಣಿಗೆಯ ನಡುವೆ ನಡೆಯಿರಿ, ಮುಂದೆ ಬೇಡ. ಮಣ್ಣು ಹಾಕಲು ಶುರುವಾದಾಗ ಗಿಟಾರ್ ಕೆಳಗಿಡಿ, ಜನ ಹಿಡಿದ ಶ್ರುತಿಗೆ ನೀವು ಸೇರಿಕೊಳ್ಳಿ.